ನೀರು ಹರಿಯುವ ಕಣ್ಣು

ಇವತ್ತು ಬೆಳಿಗ್ಗೆಯಿಂದ ಮಾಡಿದ್ದು: ಐದೂವರೆಗೆ ಎದ್ದು ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಪೂಜೆ ಮುಗಿಸಿದೆ. ಸಂಪಿನ ಮೋಟರ್ ಹಾಕಿದೆ, ಈ ಸಲ ಮರೆಯದೆ ಆರಿಸಿದೆ. ನಮ್ಮ ಮನೆಯವರ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿದೆ. ಕಸದ ಗಾಡಿಗೆ ಹಸಿ ಕಸ ಬೇರೆ, ಒಣ ಕಸ ಬೇರೆ ಕೊಟ್ಟೆ. ಎರಡು ರವಿಕೆಗೆ ಹುಕ್ಕು ಹೊಲಿದೆ. ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತಕಿದೆ. ಮುಕ್ಕಾಲು ಗಂಟೆ ಹಿಡಿಯಿತು, ಹೆಬ್ಬೆರಳು ಇನ್ನೂ ಉರಿಯುತ್ತಿದೆ. ಅಕ್ಕಿಹಿಟ್ಟು ಜರಡಿ ಹಿಡಿದೆ. ಹನ್ನೊಂದು ಗಂಟೆಗೆ ನಳಿನಿ ಬಂದಳು.

ನಳಿನಿ ಯಾರು ಅಂತ ಹೇಳುವ ಮೊದಲು ನಾನು ಯಾರು ಅಂತ ಹೇಳಬೇಕು. ನನ್ನ ಹೆಸರು ಗಿರಿಜಾ. ಚಾಮರಾಜಪೇಟೆಯ ಒಂದು ಸಣ್ಣ ಟೂರ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಹೋದ ವರ್ಷ ಬಿಟ್ಟೆ. ಆಫೀಸು ಅಂದರೆ ಎರಡು ಮೇಜು, ಒಂದು ಮಿನಿ ಬಸ್ಸು, ಗೋಡೆ ಮೇಲೆ ಕರ್ನಾಟಕದ ನಕ್ಷೆ. ನನ್ನ ಜಾಗಕ್ಕೆ ಈಗ ಚೈತ್ರಾ ಅಂತ ಹುಡುಗಿ ಬಂದಿದ್ದಾಳೆ. ಹೋದ ವಾರ ಫೋನ್ ಮಾಡಿದ್ದಳು.

“ಆಂಟಿ, ಸೇತುವೆ ಟೂರ್‌ಗೆ ಇನ್ಮೇಲೆ ನನ್ನನ್ನೇ ಕಳಿಸ್ತಾರಂತೆ. ಏನೇನು ನೋಡ್ಕೋಬೇಕು, ಎಲ್ಲೆಲ್ಲಿ ಎಡವಟ್ಟಾಗತ್ತೆ ಅಂತ ಸ್ವಲ್ಪ ಬರೆದುಕೊಡ್ತೀರಾ?”

“ಆಯ್ತಮ್ಮ, ಪುರುಸೊತ್ತಾದಾಗ ಬರೀತೀನಿ,” ಅಂದೆ.

“ನಳಿನಿ ಮೇಡಂಗೂ ಕೇಳಿದೀನಿ. ಅವರು ವಾಯ್ಸ್ ಮೆಸೇಜ್ ಹಾಕ್ತೀನಿ ಅಂದ್ರು.”

ನಾನು ಆಂಟಿ, ಅವಳು ಮೇಡಂ. ಇಬ್ಬರಿಗೂ ಇರೋದು ನಾಲ್ಕು ವರ್ಷದ ಅಂತರ. ಫೋನ್ ಇಟ್ಟ ಮೇಲೆ ಪುರುಸೊತ್ತು ಎಲ್ಲಿಂದ ಬಂತೋ ಗೊತ್ತಿಲ್ಲ, ಅವತ್ತೇ ಹೋಗಿ ನೂರು ಹಾಳೆಯ ಪುಸ್ತಕ ತಂದೆ.

ಸುಮ್ಮನೆ ಸುತ್ತಿ ಬಳಸಿ ಬರೆದರೆ ಪ್ರಯೋಜನವಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳಬೇಕಾದದ್ದರಲ್ಲಿ ಅರ್ಧ ನನ್ನ ಹೊಟ್ಟೆಕಿಚ್ಚಿನ ವಿಷಯವೇ. ನಳಿನಿಯ ಮೇಲೆ ನನಗೆ ಹದಿನಾಲ್ಕು ವರ್ಷ ಹೊಟ್ಟೆಕಿಚ್ಚಿತ್ತು. ಆ ಕಿಚ್ಚಿನಲ್ಲಿ ಒಂದು ಸಲ ಒಂದು ಬಸ್ಸನ್ನೇ ದಾರಿ ತಪ್ಪಿಸಿದೆ.

ಮೊದಲು ಸೇತುವೆ ಟೂರ್ ಹುಟ್ಟಿದ್ದು ಹೇಗೆ ಅಂತ. ನಾನು ಸೇರಿದಾಗ ನಮ್ಮಲ್ಲಿ ಇದ್ದದ್ದೆಲ್ಲ ದೇವಸ್ಥಾನದ ಟೂರ್. ನನ್ನ ಕೆಲಸ ಜೊತೆಗೆ ಹೋಗಿ ರೂಮು, ಊಟ, ಚಪ್ಪಲಿ ನೋಡಿಕೊಳ್ಳುವುದು. ಚಪ್ಪಲಿ ಕಾಯುತ್ತಾ ಕೂತಾಗ ಒಂದು ಗಮನಿಸಿದೆ. ಕ್ಯೂನಲ್ಲಿ ಮುಖ ಗಂಟು ಹಾಕಿಕೊಂಡು ನಿಂತವರೇ, ದಾರಿಯಲ್ಲಿ ಟೀಗೆ ಅಂತ ಯಾವುದಾದರೂ ಹೊಳೆ ಸೇತುವೆ ಹತ್ತಿರ ಬಸ್ ನಿಲ್ಲಿಸಿದರೆ ಇಳಿದು ಓಡಿಹೋಗಿ ಕೆಳಗೆ ಬಗ್ಗಿ ನೋಡುತ್ತಿದ್ದರು. ಅರವತ್ತು ದಾಟಿದವರು ನೀರಿಗೆ ಕಲ್ಲು ಹಾಕುತ್ತಿದ್ದರು. ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದರು. ದೇವಸ್ಥಾನದಿಂದ ಬಂದವರು “ಆಯ್ತು” ಅಂತಿದ್ದರು. ಸೇತುವೆಯಿಂದ ಹೊರಡಿ ಅಂದರೆ “ಇನ್ನೊಂದೈದು ನಿಮಿಷ” ಅಂತಿದ್ದರು.

ಅವಾಗಿಂದ ಭಾನುವಾರಗಳಲ್ಲಿ ನಮ್ಮ ಮನೆಯವರ ಸ್ಕೂಟರ್ ಹಿಂದೆ ಕೂತು ಸೇತುವೆ ಹುಡುಕೋಕೆ ಶುರುಮಾಡಿದೆ. ಅವರು ಪುಸ್ತಕ ಬೈಂಡಿಂಗ್ ಕೆಲಸದವರು, ಮಾತು ಕಮ್ಮಿ, ಹೊರಡು ಅಂದರೆ ಹೊರಡುವ ಮನುಷ್ಯ. ಶ್ರೀರಂಗಪಟ್ಟಣದ ಹಳೇ ಕಲ್ಲು ಸೇತುವೆ ನೋಡಿದೆವು. ಬಂಡೆಯಿಂದ ನೆಟ್ಟಗೆ ಎದ್ದ ಕಂಬ, ಕಂಬದ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ. ಶಿವನಸಮುದ್ರದ್ದೂ ಅದೇ ತರಹದ್ದು. ಅದರಲ್ಲಿ ಒಂದಷ್ಟು ಈಚಿನ ಪ್ರವಾಹದಲ್ಲಿ ಕೊಚ್ಚಿಹೋಯಿತು. ಈಗ ಹೊಸ ಸೇತುವೆ ಮೇಲೆ ನಿಂತು ಹಳೇದನ್ನು ನೋಡಬೇಕು. ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಒಂದು ಪುಟ. ಬಸ್ ಎಲ್ಲಿ ನಿಲ್ಲಬಹುದು, ನೆರಳು ಎಷ್ಟು ಗಂಟೆಗೆ ಯಾವ ಕಡೆ, ಹೆಂಗಸರಿಗೆ ಬಾತ್‌ರೂಮ್ ಎಷ್ಟು ದೂರ, ಊರಿನವರು ಆ ಸೇತುವೆಗೆ ಏನಂತಾರೆ.

ನಮ್ಮ ಓನರ್ ಮಹದೇವಪ್ಪನವರು ಪುಸ್ತಕ ತಿರುವಿ ನೋಡಿ ನಕ್ಕರು. “ಸೇತುವೆ ದಾಟೋಕಿರೋದು ಗಿರಿಜಮ್ಮ. ನೋಡೋಕೆ ಯಾರು ಬರ್ತಾರೆ?”

“ಬರ್ತಾರೆ ಸಾರ್. ಬೇಕಾದ್ರೆ ಊಟ ನಾನೇ ಮಾಡ್ಕೊಂಡು ಬರ್ತೀನಿ.”

ಚೈತ್ರಾ, ಇದನ್ನು ಗೆರೆ ಎಳೆದು ಇಟ್ಟುಕೋ. ಬೇರೆ ಯಾವುದೋ ಕೆಲಸ ಬೇಕಾಗಿರುವಾಗ ಊಟ ನಾನು ಮಾಡ್ತೀನಿ ಅಂತ ಯಾವತ್ತೂ ಹೇಳಬೇಡ. ಆಮೇಲೆ ನೀನು ಏನೇ ಮಾಡಿದರೂ ಊಟದವಳೇ. ಎರಡು ದಿನದ ಟೂರ್ ಶುರುವಾಯಿತು, ಚೆನ್ನಾಗಿ ನಡೆಯಿತು. ಜನ ನನ್ನ ಪುಳಿಯೋಗರೆ ಹೊಗಳಿದರು. ಸೇತುವೆ ಹುಡುಕಿದ್ದು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಒಂದು ವರ್ಷ ಆದ ಮೇಲೆ ಓನರ್ ನಳಿನಿಯನ್ನು ಕರೆದುಕೊಂಡು ಬಂದರು. ಮಲ್ಲೇಶ್ವರದ ಎಂಟನೇ ಕ್ರಾಸಿನವಳು, ಸ್ಕೂಲಿನಲ್ಲಿ ಟೀಚರಾಗಿದ್ದಳಂತೆ. ಜರಿ ಇಲ್ಲದ ಇಳಕಲ್ ಸೀರೆ, ತಲೆಯಲ್ಲಿ ಒಂದೇ ಒಂದು ಸಂಪಿಗೆ. “ಗಿರಿಜಮ್ಮ, ಇವರು ಬಸ್ಸಲ್ಲಿ ಮೈಕ್ ಹಿಡೀತಾರೆ. ನಿಮ್ಮ ಪುಸ್ತಕ ಸ್ವಲ್ಪ ಕೊಡಿ,” ಅಂದರು.

ಪುಸ್ತಕ ಕೊಡಲಿಲ್ಲ. ಪ್ರತಿ ಟೂರಿಗೂ ಬೇಕಾದಷ್ಟನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಅವಳು ಅದನ್ನು ಒಂದು ಸಲ ಓದಿ, ಮಡಿಸಿ ಪರ್ಸಿಗೆ ಹಾಕಿ, ಮೈಕ್ ಹಿಡಿದರೆ ಮುಗಿಯಿತು. ನಾನು “ಕಂಬ ನಲವತ್ತು ಅಡಿ ಅಂತಾರೆ” ಅಂತ ಬರೆದದ್ದು ಅವಳ ಬಾಯಲ್ಲಿ, “ಕಣ್ಮುಚ್ಚಿ. ನಿಮ್ಮ ಮನೆ ಮೇಲೆ ಇನ್ನೊಂದು ಮನೆ, ಅದರ ಮೇಲೆ ಇನ್ನೊಂದು ಮನೆ. ಈಗ ಬಿಡಿ, ನೋಡಿ,” ಅಂತ ಆಗುತ್ತಿತ್ತು. ಇಪ್ಪತ್ತೆಂಟು ಜನ ಒಟ್ಟಿಗೆ ಕಣ್ಣು ಬಿಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಡಬ್ಬಿಗಳ ಮಧ್ಯೆ ಕೂತು ನಾನೂ ಬಿಡುತ್ತಿದ್ದೆ. ಅದೇ ನನಗೆ ತಡೆಯಲಾಗುತ್ತಿರಲಿಲ್ಲ.

ನನಗೂ ಒಂದು ಸಲ ಮೈಕ್ ಸಿಕ್ಕಿತ್ತು, ಅದನ್ನು ಮುಚ್ಚಿಡಬಾರದು. ಅವಳಿಗೆ ಗಂಟಲು ಕಟ್ಟಿತ್ತು. ಎದ್ದು ನಿಂತೆ. ಗೊತ್ತಿದ್ದದ್ದೆಲ್ಲ ಎಲ್ಲಿಗೆ ಹೋಯಿತೋ, “ಊಟ ಆದ್ಮೇಲೆ ಎಲೆ ಬುಟ್ಟಿಗೇ ಹಾಕಿ, ಹೊಳೆಗೆ ಎಸೀಬೇಡಿ,” ಅಂದು ಕೂತೆ. ನನ್ನ ದನಿ ಮೈಕಿನಲ್ಲಿ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ತರಹ ಕೇಳಿಸಿತು. ಅವಳು ಕಟ್ಟಿದ ಗಂಟಲಲ್ಲೇ, “ಚೆನ್ನಾಗಿ ಹೇಳಿದ್ರಿ ಅಕ್ಕ,” ಅಂದಳು.

ತಲೆ ಎಣಿಸುವ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದ್ದೆವು. ಎಣಿಸಿದೆ, ಇಪ್ಪತ್ತೆಂಟು ತಲೆ, ಸರಿ, ರೈಟ್ ಅಂದೆ. ಅರ್ಧ ಗಂಟೆ ಆದ ಮೇಲೆ ಮಧ್ಯದ ಸೀಟಿನಿಂದ ಒಬ್ಬ ಯಜಮಾನರು, “ಮೈಸೂರು ಎಷ್ಟು ಹೊತ್ತಿಗೆ ತಲುಪುತ್ತೆ ತಾಯಿ?” ಅಂದರು. ಯಾವುದೋ ಬಸ್ಸಿನವರು ನಮ್ಮದಕ್ಕೆ ಹತ್ತಿ ಕೂತಿದ್ದರು. ನಮ್ಮವರೊಬ್ಬರು ಹೋಟೆಲಿನ ಬಾತ್‌ರೂಮಿನಲ್ಲೇ ಉಳಿದಿದ್ದರು. ಸಂಖ್ಯೆ ಸರಿಯಾಗಿತ್ತು, ಜನ ಸರಿಯಿರಲಿಲ್ಲ. ಅದಕ್ಕೇ ಹೇಳುವುದು, ತಲೆ ಎಣಿಸಬೇಡಿ, ಮುಖ ನೋಡಿ.

ಹೋಟೆಲಿನಲ್ಲಿ ಉಳಿದವರು ಆಟೋದಲ್ಲಿ ಸಿಟ್ಟು ಮಾಡಿಕೊಂಡು ಬರುವಷ್ಟರಲ್ಲಿ ನಳಿನಿ ಆ ಮೈಸೂರಿನ ಯಜಮಾನರ ಕೈಯಲ್ಲಿ ಹಾಡು ಹೇಳಿಸುತ್ತಿದ್ದಳು. ಬಂದವರಿಗೆ ಮೈಕಿನಲ್ಲೇ, “ಬನ್ನಿ ಸಾರ್, ನಿಮಗೋಸ್ಕರ ಬಸ್ ನಿಲ್ಲಿಸಿ ಕಚೇರಿ ಇಟ್ಕೊಂಡಿದ್ದೀವಿ. ನಮ್ಮ ಗಿರಿಜಕ್ಕ ಎಲೆ ಹಾಕೋವಾಗ ಮಾತ್ರ ಯಾರನ್ನೂ ಬಿಡೋದಿಲ್ಲ,” ಅಂದಳು. ಎಲ್ಲರೂ ನಕ್ಕರು, ಅವರೂ ನಕ್ಕರು. ನನ್ನ ಮರ್ಯಾದೆ ಉಳಿಯಿತು. ಉಳಿಸಿದವಳು ಅವಳು.

ಇನ್ನೊಂದು ಸಲ ರಿಟೈರ್ಡ್ ಇಂಜಿನಿಯರ್ ಒಬ್ಬರು ಬಂದಿದ್ದರು, ಬಸವನಗುಡಿಯವರು. ನಳಿನಿ ಹೇಳಿದ ಒಂದೊಂದು ವಾಕ್ಯಕ್ಕೂ “ಹಾಗಲ್ಲಮ್ಮ” ಅಂತಿದ್ದರು. “ಇದು ಕಮಾನಲ್ಲ, ತೊಲೆ.” “ಅದು ಸಿಮೆಂಟಲ್ಲ, ಗಾರೆ.” ನನಗೆ ಎಷ್ಟು ಹಿತವಾಯಿತು ಅಂದರೆ ಅವರಿಗೆ ಎಲ್ಲರಿಗಿಂತ ಎರಡು ಕೋಡುಬಳೆ ಜಾಸ್ತಿ ಕೊಟ್ಟೆ. ನಳಿನಿ ಮಧ್ಯಾಹ್ನದವರೆಗೆ ತಡೆದುಕೊಂಡಳು. ಆಮೇಲೆ ಎದ್ದು ಹೋಗಿ ಮೈಕನ್ನು ಅವರ ಕೈಗೇ ಕೊಟ್ಟು, “ನೀವು ಹೇಳಿ ಸಾರ್, ನಾನೂ ಕಲೀತೀನಿ,” ಅಂದಳು. ಆ ಮನುಷ್ಯ ಸಂಜೆ ಇಳಿಯುವಾಗ ಅವಳಿಗೆ ಕೈಮುಗಿದು, “ಇಂಥ ಗೈಡ್ ನೋಡಿಲ್ಲ” ಅಂತ ಹೇಳಿ ಹೋದರು. ನನ್ನ ಕೋಡುಬಳೆ ಅವರಿಗೆ ನೆನಪಿರಲಿಲ್ಲ. ಅವತ್ತು ಬಂದ ಪರಿಚಯವಿಲ್ಲದವರಿಗೆ ಮೈಕ್ ಕೊಟ್ಟಳು. ನನಗೆ ಒಂದು ದಿನವೂ, “ಅಕ್ಕ, ಇದು ನೀವು ಹುಡುಕಿದ್ದು, ನೀವೇ ಹೇಳಿ,” ಅನ್ನಲಿಲ್ಲ. ನಾನೂ ಕೇಳಲಿಲ್ಲ. ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿದ್ದಳೇನೋ. ಆದರೆ ಕೇಳಿ ತಗೊಂಡರೆ ಅದೇನು ಸಿಕ್ಕಿದ ಹಾಗೆ?

ಹೀಗೆ ಇರುವಾಗ ಆ ಹೊಳೆ ಸಿಕ್ಕಿತು. ಮಳವಳ್ಳಿ ಕಡೆಯಿಂದ ಬರುವ ಒಂದು ಒಳದಾರಿ; ಊರಿನ ಹೆಸರು ಬರೆಯುವುದಿಲ್ಲ. ಒಂದೇ ಹೊಳೆಗೆ, ಒಂದಕ್ಕೊಂದು ಎರಡು ಮೈಲಿ ಅಂತರದಲ್ಲಿ, ಎರಡು ಹಳೇ ಕಮಾನು ಸೇತುವೆ. ಮೊದಲನೆಯದು ಸಣ್ಣದು, ಎತ್ತಿನಗಾಡಿಗೆ ಕಟ್ಟಿದ್ದು. ಎರಡನೆಯದು ಅಗಲವಾದದ್ದು. ಅದರ ಪಕ್ಕ ಮಂಟಪ, ಆಲದಮರ, ಬಸ್ ತಿರುಗಿಸಲು ಜಾಗ, ಸಂಜೆ ಐದಕ್ಕೆ ಬಿಸಿಲು ಕಮಾನುಗಳ ಒಳಗಿಂದ ತೂರಿ ನೀರಿನ ಮೇಲೆ ಬೀಳುತ್ತದೆ. ಇಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ.

ಹಳ್ಳಿಯವರು ಕಮಾನಿಗೆ ಕಣ್ಣು ಅಂತಾರೆ, ಅದು ಎಲ್ಲರಿಗೂ ಗೊತ್ತು. ಮೊದಲನೆಯದರ ಹತ್ತಿರ ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು, “ಇದು ಐದು ಕಣ್ಣಿಂದು, ಮುಂದ್ಲುದು ಏಳು ಕಣ್ಣಿಂದು,” ಅಂದರು. ನಾನು ಎಣಿಸಿದೆ. ಮೊದಲನೆಯದಕ್ಕೆ ಏಳಿತ್ತು; ಮುಂದಿನದನ್ನು ಆಮೇಲೆ ಹೋಗಿ ಎಣಿಸಿದಾಗ ಒಂಬತ್ತು. “ಏಳಿದೆಯಲ್ಲ ತಾತ?” ಅಂದೆ.

“ನೀರ್ ಹರಿಯೋ ಕಣ್ಣೇ ಕಣ್ಣು ಕಣವ್ವಾ. ಆ ಬದಿ ಒಂದು, ಈ ಬದಿ ಒಂದು ದಡದ ಮ್ಯಾಲವೆ. ಅದ್ರಾಗೆ ನಮ್ಮೆಮ್ಮೆ ಓಯ್ತವೆ. ಅದ ಯಾರೆಣ್ಸಾರು?”

ಆ ಮಾತನ್ನು ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ. ಮನಸ್ಸಿನಲ್ಲೂ ಒಂದು ತೀರ್ಮಾನ ಮಾಡಿಕೊಂಡೆ. ಈ ಒಂದು ಸೇತುವೆ ಹತ್ತಿರ ನಾನೇ ಮಾತಾಡುತ್ತೇನೆ. ಎಲೆ, ಬುಟ್ಟಿ ಅನ್ನದೆ, ಆ ತಾತ ಹೇಳಿದ್ದನ್ನು ಹೇಳುತ್ತೇನೆ. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಹೇಳಿ ಹೇಳಿ ಅಭ್ಯಾಸವನ್ನೂ ಮಾಡಿದೆ. ನಮ್ಮ ಮನೆಯವರು ಎರಡು ಸಲ ಬಂದು, “ಯಾರ ಹತ್ರನೇ ಮಾತಾಡ್ತಿರೋದು?” ಅಂತ ಕೇಳಿ ಹೋದರು.

ಓನರ್ ಹೊಸ ಜಾಗ ಸೇರಿಸಲು ಒಪ್ಪಿದರು. ಧೈರ್ಯ ಮಾಡಿ, “ಸಾರ್, ಅಲ್ಲಿ ನಾನೇ…” ಅಂತ ಶುರುಮಾಡಿದೆ.

“ನೀವು ಅದನ್ನೂ ಬರೆದುಕೊಟ್ಟುಬಿಡಿ ಗಿರಿಜಮ್ಮ. ನಳಿನಿ ಹೇಳ್ತಾಳೆ. ಹಿಂದಿನ ಸಲ ಮೊಸರನ್ನ ಹುಳಿಯಾಗಿತ್ತಂತೆ, ಅದನ್ನ ಸ್ವಲ್ಪ ನೋಡ್ಕೊಳ್ಳಿ.”

ನಳಿನಿ ಅಲ್ಲೇ ಇದ್ದಳು. “ಅಕ್ಕ ಬರೆದುಕೊಟ್ರೆ ಸಾಕು ಸಾರ್, ಅರ್ಧ ಕೆಲಸ ಆದ ಹಾಗೇ,” ಅಂದಳು.

ಅರ್ಧ ಕೆಲಸ. ಅವತ್ತು ಮನೆಗೆ ಬಂದು ಚೀಟಿ ಬರೆದೆ. “ಏಳು ಕಣ್ಣಿನ ಸೇತುವೆ ಸಿಕ್ಕ ಕೂಡಲೇ ಬಲಕ್ಕೆ ತಿರುಗಿಸಿ, ಸೇತುವೆ ದಾಟಿ ಬಸ್ ನಿಲ್ಲಿಸುವುದು.” ಅಷ್ಟೇ. ನೀರು ಹರಿಯುವ ಕಣ್ಣಿನ ಮಾತು ಪುಸ್ತಕದಲ್ಲಿ ಎದುರಿಗೇ ಇತ್ತು. ಪೆನ್ನು ಅದರ ಮೇಲೆ ಎರಡು ಸಲ ಹೋಯಿತು, ಬರೆಯಲಿಲ್ಲ. ಮರೆತೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಅವಳು ಒಂದು ಸಲ ಮೈಕ್ ಹಿಡಿದುಕೊಂಡು ತಡವರಿಸುವುದನ್ನು ನೋಡಬೇಕಿತ್ತು. ಆಗ ನಾನು ಹಿಂದಿನಿಂದ ಎದ್ದು ಬಂದು ದಾರಿ ತೋರಿಸಿ, ಮೈಕ್ ತಗೊಂಡು, ತಾತನ ಮಾತು ಹೇಳಬೇಕಿತ್ತು. ಅಷ್ಟು ಮಾತ್ರ ಯೋಚಿಸಿದ್ದು.

ಡಿಸೆಂಬರ್ ತಿಂಗಳು, ಸಂಜೆ ಐದೂಕಾಲು. ಡ್ರೈವರ್ ಆ ದಾರಿಗೆ ಹೊಸಬ. ರಸ್ತೆ ಬಳಸುವಲ್ಲಿ ಮೊದಲನೇ ಸೇತುವೆ ಒಂದು ಕ್ಷಣ ಪೂರ್ತಿ ಕಾಣಿಸುತ್ತದೆ, ಆಮೇಲೆ ಲಾಂಟಾನದ ಪೊದೆ ಮುಚ್ಚಿಬಿಡುತ್ತದೆ. ನಳಿನಿ ಮುಂದಿನ ಸೀಟಿನಿಂದ ಎದ್ದು ಬೆರಳು ಮಾಡಿ ಎಣಿಸಿದಳು. “ಒಂದು, ಎರಡು, ಮೂರು… ಏಳು. ಇದೇ, ಬಲಕ್ಕೆ ತಗೊಳ್ಳಿ.”

ಹಿಂದೆ ಕೂತು ನೋಡುತ್ತಿದ್ದೆ. ಅಲ್ಲ, ಮುಂದಿನದು ಅಂತ ಕೂಗಲು ನನಗೆ ಬೇಕಾದಷ್ಟು ಹೊತ್ತಿತ್ತು. ಮಡಿಲಲ್ಲಿ ಮಜ್ಜಿಗೆ ಕ್ಯಾನು ಇತ್ತು, ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಬಸ್ಸಿನ ಮುಂದಿನ ಅರ್ಧ ಸೇತುವೆ ಮೇಲೆ ಹೋಯಿತು. ಎರಡೂ ಕಡೆ ಕನ್ನಡಿ ಕಟ್ಟೆಗೆ ತಾಗಿತು. ಮುಂದೆ ಹೋಗೋ ಹಾಗಿಲ್ಲ, ಹಿಂದೆ ತೆಗೆಯಲು ಹೋಗಿ ಒಂದು ಚಕ್ರ ದಾರಿ ಬದಿಯ ಕೆಸರಿಗೆ ಇಳಿಯಿತು. ಎಲ್ಲರನ್ನೂ ಇಳಿಸಿದೆವು. ಬೈಕಿನಲ್ಲಿ ಬಂದ ಊರಿನವನೊಬ್ಬ, “ಐದು ಕಣ್ಣಿಂದ್ರ ಮೇಲೆ ಬಸ್ ತಂದೀರಲ್ಲ. ಏಳು ಕಣ್ಣಿಂದು ಮುಂದದೆ,” ಅಂತ ಹೇಳಿ ಟ್ರ್ಯಾಕ್ಟರ್ ತರಲು ಹೋದ.

ನಳಿನಿ ನನ್ನ ಹತ್ತಿರ ಬಂದಳು. ಮುಖ ಬಿಳಿಚಿಕೊಂಡಿತ್ತು. “ಅಕ್ಕ, ನಾನು ಏಳು ಎಣಿಸಿದೆ.”

ಇಲ್ಲಿ ನಾನು ಹೇಳಿದ ಮಾತು ಇದು: “ಬಸ್ ಓಡ್ತಿರೋವಾಗ ಕಣ್ಣು ಮೋಸ ಮಾಡುತ್ತೆ ಕಣೆ. ತಪ್ಪು ಎಣಿಸಿರ್ತೀಯ.”

ಚೀಟಿಯಲ್ಲಿ ಬರೆಯದೆ ಬಿಟ್ಟದ್ದಕ್ಕಿಂತ ಇದು ದೊಡ್ಡ ತಪ್ಪು. ಆದರೂ ಅವಳು ಕುಗ್ಗಿ ಕೂರಲಿಲ್ಲ. ಮೈಕ್ ಬಸ್ಸಿನಲ್ಲೇ ಇತ್ತು, ಬರೀ ಗಂಟಲಲ್ಲಿ ಎಲ್ಲರನ್ನೂ ಸುತ್ತ ನಿಲ್ಲಿಸಿ, “ತಪ್ಪು ನಂದು, ಎಣಿಸೋದರಲ್ಲಿ ಎಡವಿದೆ. ಆದ್ರೆ ಈ ಸೇತುವೆ ಮೇಲೆ ಬಸ್ಸಲ್ಲಿ ಬಂದವರು ನಾವೇ ಮೊದಲಿರಬೇಕು,” ಅಂದಳು. ಮಂಡಿ ನೋವಿನ ಹೆಡ್‌ಮಿಸ್ ಒಬ್ಬರಿದ್ದರು. ಅವರನ್ನು ತೋಳು ಹಿಡಿದು, ಕಥೆ ಹೇಳುತ್ತಾ ಒಂದು ಕಿಲೋಮೀಟರ್ ದೊಡ್ಡ ರಸ್ತೆಯವರೆಗೆ ನಡೆಸಿದಳು. ನಾನು ಹಿಂದಿನಿಂದ ಚುರುಮುರಿ ಹಂಚುತ್ತಾ ಹೋದೆ. ಟ್ರ್ಯಾಕ್ಟರ್ ಬಸ್ಸನ್ನು ಎಳೆದು ತರುವಷ್ಟರಲ್ಲಿ ಬಿಸಿಲು ಹೋಗಿತ್ತು. ಮುಂದಿನ ಸೇತುವೆಯನ್ನು ಯಾರೂ ನೋಡಲಿಲ್ಲ.

ಓನರ್ ಸಿಟ್ಟಾಗಲಿಲ್ಲ, ಹೆದರಿದರು. “ಆ ಹೊಳೆ ದಾರಿ ನಮಗೆ ಬೇಡ,” ಅಂತ ನಕ್ಷೆಯಲ್ಲಿ ಅಡ್ಡಗೆರೆ ಎಳೆದರು. ನನ್ನ ಅತಿ ಒಳ್ಳೆಯ ಸೇತುವೆ ಟೂರಿಗೆ ಬರುವ ಮೊದಲೇ ಹೋಯಿತು. ಅದು ಸಾಲದು ಅಂತ, “ನಮ್ಮ ಟೂರ್ ಮೇಲೆ ಯಾರದೋ ಕಣ್ಣು ಬಿದ್ದಿದೆ. ಗಿರಿಜಮ್ಮ, ನೀವು ಹಿರಿಯರು, ಮೊದಲು ಈ ಹುಡುಗಿಗೆ ದೃಷ್ಟಿ ತೆಗೀರಿ,” ಅಂದರು. ಆಫೀಸಿನ ಹಿಂದಿನ ಅಂಗಳದಲ್ಲಿ ನಳಿನಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ನಿವಾಳಿಸಿದೆ. ಕಂಡವರ ಕಣ್ಣು, ಕಾಣದವರ ಕಣ್ಣು, ಮನೆಯವರ ಕಣ್ಣು, ಹೊರಗಿನವರ ಕಣ್ಣು ಅಂತ ಹೇಳುತ್ತಾ ನನ್ನ ಕಣ್ಣನ್ನು ನಾನೇ ತೆಗೆದೆ. ಕೆಂಡಕ್ಕೆ ಹಾಕಿದರೆ ಒಂದು ಚೂರೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿತ್ತು ಅಂತ ಲೆಕ್ಕ. “ನೋಡಿದ್ರಾ, ಎಷ್ಟು ಬಿದ್ದಿತ್ತು,” ಅಂದರು ಓನರ್. ಮೆಣಸಿನಕಾಯಿ ಹಳೇದು ಅಂತ ಹೇಳಬಹುದಿತ್ತು. ಕೆಂಡಕ್ಕೆ ನೀರು ಹಾಕಿದೆ.

ಅದಾಗಿ ಒಂದು ತಿಂಗಳಿಗೆ ನಳಿನಿ ಕನ್ನಡಕ ಹಾಕಿಕೊಂಡು ಬಂದಳು. ತೆಳ್ಳಗೆ ಬಂಗಾರದ ಬಣ್ಣದ ಕಟ್ಟು. ಎಲ್ಲರೂ ಒಪ್ಪುತ್ತೆ ಅಂದರು. ಒಪ್ಪುತ್ತಿತ್ತು, ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ಆಮೇಲೆ ಕೆಲಸದ ರೀತಿಯೆಲ್ಲ ಬದಲಾಯಿತು. ಚೀಟಿ ಹೋಗಿ ವಾಟ್ಸಾಪ್ ಗುಂಪು ಬಂತು, ದಾರಿ ಹೇಳಲು ಫೋನೇ ಸಾಕಾಯಿತು, ಬಸ್ಸಿನ ಮೈಕ್ ಹೋಗಿ ಸೊಂಟಕ್ಕೆ ಸಿಕ್ಕಿಸುವ ಸ್ಪೀಕರ್ ಬಂತು. ಬದಲಾಗದೆ ಉಳಿದದ್ದು ಒಂದು. ಪ್ರತಿ ಟೂರಿನಲ್ಲೂ ನಳಿನಿ ತನ್ನ ದೊಡ್ಡ ತಪ್ಪಿನ ಕಥೆ ಹೇಳುತ್ತಿದ್ದಳು. ಐದನ್ನು ಏಳು ಅಂತ ಎಣಿಸಿದ ಕಥೆ. ವರ್ಷದಿಂದ ವರ್ಷಕ್ಕೆ ಅದು ಚೆನ್ನಾಗುತ್ತಾ ಹೋಯಿತು. ಟ್ರ್ಯಾಕ್ಟರಿನವನ ದನಿ, ಹೆಡ್‌ಮಿಸ್ಸಿನ ನಡಿಗೆ, ಎಲ್ಲ ಮಾಡಿ ತೋರಿಸುತ್ತಿದ್ದಳು. ಜನ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ನಾನು ಕೆಲಸ ಬಿಟ್ಟ ದಿನದ ಸಣ್ಣ ಸಮಾರಂಭದಲ್ಲೂ ಎಲ್ಲರೂ ಕೇಳಿ ಹೇಳಿಸಿದ್ದು ಅದನ್ನೇ. ನನ್ನ ಹೆಗಲಿಗೆ ಶಾಲು ಇತ್ತು, ಎಲ್ಲರ ಮುಖ ಅವಳ ಕಡೆ ಇತ್ತು.

ನನಗೆ ಪಶ್ಚಾತ್ತಾಪ ಆಗಬೇಕಿತ್ತು. ಸ್ವಲ್ಪ ಆಯಿತು. ಅದಕ್ಕಿಂತ ಜಾಸ್ತಿ ಆದದ್ದು ಬೇರೆ. ಸೇತುವೆ ಹುಡುಕಿದ್ದು ನಾನು, ಅದು ಅವಳದ್ದಾಯಿತು. ಇಪ್ಪತ್ತೆರಡು ವರ್ಷದಲ್ಲಿ ಜನ ನೆನಪಿಟ್ಟುಕೊಳ್ಳುವಂಥ ಒಂದೇ ಒಂದು ತಪ್ಪು ನಾನು ಮಾಡಿದ್ದು, ಅದೂ ಅವಳದ್ದೇ ಆಯಿತಲ್ಲ.

ಇವತ್ತು ಹನ್ನೊಂದಕ್ಕೆ ಬಂದಳು ಅಂದೆನಲ್ಲ. ಸಂಪಿಗೆ ರಸ್ತೆಯಿಂದ ಮಾರ್ಕೆಟ್‌ವರೆಗೆ ಮೆಟ್ರೋ, ಅಲ್ಲಿಂದ ಆಟೋ. “ಮೆಟ್ರೋ ಹತ್ತಿದ ತಕ್ಷಣ ಯಾರೋ ಎದ್ದು ಸೀಟ್ ಕೊಟ್ರು ಅಕ್ಕ,” ಅಂದಳು. ನನಗೆ ಯಾರೂ ಕೊಡುವುದಿಲ್ಲ. ಹೂವು ಕೊಟ್ಟಳು, ಕಾಫಿ ಕುಡಿದಳು. ನಮ್ಮ ಮನೆಯವರು ಕಿಟಕಿ ಹತ್ತಿರ ಪೇಪರ್ ಓದುತ್ತಿದ್ದರು. ನಾನು ಅಡುಗೆಮನೆಯಲ್ಲಿ ಸಾರಿಗೆ ಮಸಾಲೆ ರುಬ್ಬಿ ಹಾಕಿ ಕುದಿಯಲು ಇಟ್ಟಿದ್ದೆ.

“ಚೈತ್ರಂಗೆ ಮೆಸೇಜ್ ಹಾಕಿಬಿಡ್ತೀನಿ ಅಕ್ಕ, ನೀವೂ ಕೇಳಿ, ಬಿಟ್ಟಿದ್ದು ಸೇರಿಸಿ,” ಅಂತ ನಡುಮನೆಯಲ್ಲಿ ಕೂತು ಫೋನ್ ಒತ್ತಿದಳು. “ಚೈತ್ರಾ ಪುಟ್ಟಾ, ಮೊದಲು ನನ್ನ ದೊಡ್ಡ ತಪ್ಪಿನ ಕಥೆ ಕೇಳು. ಒಂದು ಹೊಳೆ, ಎರಡು ಸೇತುವೆ…”

ಸೌಟು ಕೈಯಲ್ಲೇ ಇತ್ತು. ಬಾಗಿಲಿಗೆ ಬಂದು, “ಅದನ್ನ ನಿಲ್ಲಿಸು,” ಅಂದೆ.

“ಯಾಕಕ್ಕ?”

“ಆ ತಪ್ಪು ನಿಂದಲ್ಲ ಕಣೆ. ನಂದು.”

ಅವಳು ನಕ್ಕಳು. “ಹೋಗ್ಲಿ ಬಿಡಿ ಅಕ್ಕ, ಈಗ ಬಂದು ನನ್ನ ತಪ್ಪು ನೀವು ಹೊತ್ಕೋತೀರಾ?”

ಒಳಗೆ ಹೋಗಿ ಹಳೇ ಪುಸ್ತಕ ತಂದು ಪುಟ ತೆಗೆದು ಅವಳ ಮಡಿಲಿಗೆ ಇಟ್ಟೆ. ಕನ್ನಡಕ ಸರಿಮಾಡಿಕೊಂಡು ಓದಿದಳು. ನೀರು ಹರಿಯುವ ಕಣ್ಣೇ ಕಣ್ಣು. ಮೊದಲನೆಯದಕ್ಕೆ ಎಣಿಸಿದರೆ ಏಳು, ಊರವರ ಲೆಕ್ಕಕ್ಕೆ ಐದು. ಎರಡು ಸಲ ಓದಿದಳು.

“ಇದು ಟೂರ್‌ಗೆ ಮುಂಚೆ ಬರೆದಿದ್ದಾ?”

“ಹೂಂ.”

“ಚೀಟೀಲಿ ಇರಲಿಲ್ಲ.”

“ಹಾಕಲಿಲ್ಲ. ಬೇಕಂತಲೇ ಹಾಕಲಿಲ್ಲ. ನಿನ್ನ ಕೈಲಿದ್ದ ಮೈಕ್ ನೋಡಿದ್ರೆ ನನಗೆ ಹೊಟ್ಟೆ ಉರೀತಿತ್ತು.”

ನಮ್ಮ ಮನೆಯವರು ಪೇಪರ್ ಕೆಳಗಿಳಿಸಿದರು. ಮತ್ತೆ ಎತ್ತಿಕೊಂಡರು. ನಳಿನಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ನಾನು ಅವತ್ತು ಮನೆಗೆ ಹೋಗಿ ಅತ್ತಿದ್ದೆ ಅಕ್ಕ. ಕಣ್ಣಿನ ಡಾಕ್ಟರ್ ಹತ್ರ ಹೋದೆ. ಏನೂ ತೊಂದ್ರೆ ಇಲ್ಲ ಅಂದ್ರು. ನಾನೇ ಹಟ ಮಾಡಿ ಇದನ್ನ ಮಾಡಿಸ್ಕೊಂಡೆ. ಆಮೇಲೆ ಯಾವ ಸೇತುವೆ ಹತ್ರನೂ ನಾಲ್ಕು ಸಲ ಎಣಿಸದೆ ಬಾಯಿ ಬಿಟ್ಟಿಲ್ಲ. ನಗ್‌ನಗ್ತಾ ಹೇಳ್ತಿದ್ದೆ, ಒಳಗೆ ಹೆದರಿಕೆ ಇತ್ತು. ಯಾಕೆ ಹಾಗೆ ಹೇಳಿದ್ರಿ ನನಗೆ, ತಪ್ಪು ಎಣಿಸಿದೀಯ ಅಂತ?”

“ತಪ್ಪಾಯ್ತು ಕಣೆ,” ಅಂದೆ. ಅವಳು ತಲೆ ಎತ್ತಲಿಲ್ಲ.

“ಸಾರು ಉಕ್ತಿದೆ,” ಅಂದರು ನಮ್ಮ ಮನೆಯವರು. ಹೋಗಿ ಒಲೆ ಸಣ್ಣ ಮಾಡಿ ಬಂದೆ. ಬರುವಷ್ಟರಲ್ಲಿ ಅವಳು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

“ಹಾಗಾದ್ರೆ ನಾನು ಎಣಿಸಿದ್ದು ಸರಿಯಾಗೇ ಇತ್ತು.”

“ಸರಿಯಾಗೇ ಇತ್ತು.”

“ಓಡೋ ಬಸ್ಸಲ್ಲಿ, ಒಂದೇ ನೋಟಕ್ಕೆ.”

“ಹೂಂ ಕಣೆ. ಏಳೇ.”

ಅವಳ ಮುಖ ತಿಳಿಯಾಗುತ್ತಾ ಬಂತು. ಕ್ಷಮಿಸಿದೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೋನನ್ನು ನನ್ನ ಕಡೆ ತಳ್ಳಿದಳು. “ಇದು ಇನ್ಮೇಲೆ ನನ್ನ ಕಥೆ ಅಲ್ಲ. ನೀವೇ ಹೇಳಿ. ಪೂರ್ತಿ ಹೇಳಬೇಕು, ನನಗೆ ಏನಂದ್ರಿ ಅನ್ನೋದೂ ಸೇರಿ.”

ಫೋನ್ ಒತ್ತಿದೆ. ಹದಿನಾಲ್ಕು ವರ್ಷ ಬೇಕು ಬೇಕು ಅಂದದ್ದು ಕೈಯಲ್ಲಿತ್ತು. “ಚೈತ್ರಾ, ನಾನು ಗಿರಿಜಾ ಆಂಟಿ,” ಅಂದೆ. ನಳಿನಿ ನೋಡುತ್ತಿದ್ದಳು. ಮುಂದೆ ಒಂದು ಮಾತೂ ಹೊರಡಲಿಲ್ಲ. “ಬರೆದು ಕಳಿಸ್ತೀನಮ್ಮ,” ಅಂತ ಹೇಳಿ ಬಿಟ್ಟೆ. ಆರು ಸೆಕೆಂಡಿನ ಮೆಸೇಜು ಹೋಯಿತು.

“ಎಲೆ ಬುಟ್ಟಿಗೆ ಹಾಕು ಅಂತಾದ್ರೂ ಹೇಳಬಾರದಿತ್ತಾ ಅಕ್ಕ,” ಅಂದಳು ನಳಿನಿ. ನಗಲಿಲ್ಲ, ಆದರೆ ಅಂದಳು.

ಊಟಕ್ಕೆ ಹಿತಕಿದ ಬೇಳೆ ಸಾರು, ಅಕ್ಕಿರೊಟ್ಟಿ, ಅನ್ನ, ಕೋಸಂಬರಿ, ಮಜ್ಜಿಗೆ. ನಮ್ಮ ಮನೆಯವರು ಎರಡು ರೊಟ್ಟಿ ತಿಂದರು. ನಾನು ಒಂದು ಮುರಿದು ಅರ್ಧ ಬಿಟ್ಟೆ. ನಳಿನಿ ಮೂರು ತಿಂದು, ಸಾರನ್ನು ಎರಡು ಸಲ ಹಾಕಿಸಿಕೊಂಡು, ಕೊನೆಗೆ ಬಟ್ಟಲಲ್ಲೇ ಕುಡಿದಳು. ಚಾಪೆ ಹಾಸಿಕೊಟ್ಟು ದಿಂಬು ತರಲು ಒಳಗೆ ಹೋದೆ. ತರುವಷ್ಟರಲ್ಲಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಕೈಯನ್ನೇ ತಲೆಗೆ ಕೊಟ್ಟು ನಿದ್ದೆ ಹೋಗಿದ್ದಳು. ಆಮೇಲೆ ನಮ್ಮ ಮನೆಯವರು, ಕುರ್ಚಿಯಲ್ಲೇ. ತಪ್ಪು ಹೇಳಿಕೊಂಡವಳಿಗೆ ನಿದ್ದೆ ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಅವಳಿಗೆ. ದಿಂಬನ್ನು ಅವಳ ತಲೆ ಹತ್ತಿರ ಇಟ್ಟು, ಇದನ್ನು ಬರೆಯಲು ಕೂತೆ.